ಅಟ್ಟಕ್ಕೆ ಹೊತ್ತ ನೀರು

ಮೇಷ್ಟ್ರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ದೊಡ್ಡತನದಿಂದ ಅಂದುಕೊಳ್ಳಬೇಡಿ. ಅವರ ಹೆಸರು ಈಗಾಗಲೇ ಬೇಕಾದಷ್ಟು ಅಚ್ಚಾಗಿದೆ, ಅದರಲ್ಲಿ ಎರಡು ಸಲ ನನ್ನ ಮಾತಿನ ತಲೆಯ ಮೇಲೆ ಕೂತು ಅಚ್ಚಾಗಿದೆ. ಮೂರನೆಯ ಸಲಕ್ಕೆ ನನ್ನ ಕೈಯಿಂದ ಶಾಯಿ ಖರ್ಚು ಮಾಡಲಾರೆ.

ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಮಹಡಿಯಲ್ಲಿ, ತಿಂಗಳ ಎರಡನೇ ಭಾನುವಾರ, ನಾವು ಏಳೆಂಟು ಜನ ಸೇರಿ ಪುಸ್ತಕ ಓದುತ್ತಿದ್ದೆವು. ಕೆಳಗೆ ಮೂಟೆಗಳು, ಮೇಲೆ ಒಂದು ಜಮಖಾನ, ಗೋಡೆಗೆ ಒರಗಿಸಿದ ನಾಲ್ಕು ಕುರ್ಚಿ. ಮಂಡಿ ಯಜಮಾನರು ಹಣೆತುಂಬ ವಿಭೂತಿ ಇಟ್ಟುಕೊಂಡು ಬಾಗಿಲ ಹತ್ತಿರ ಕೂರುತ್ತಿದ್ದರು. ಜಾಗವೂ ಅವರದೇ, ಕಾಫಿ ನಿಪ್ಪಟ್ಟೂ ಅವರದೇ. ನಿವೃತ್ತ ಹೆಡ್‌ಮೇಡಂ ಒಬ್ಬರು ಹಾಜರಿ ತೆಗೆದುಕೊಳ್ಳುವ ಗತ್ತಿನಲ್ಲೇ ಯಾರು ಯಾವಾಗ ಮಾತಾಡಬೇಕು ಎಂದು ಹೇಳುತ್ತಿದ್ದರು. ಮೇಷ್ಟ್ರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಮೈಸೂರಿನ ಕಡೆಯವರು. ಕೆಲಸಕ್ಕೆಂದು ಬಂದು ಇಲ್ಲೇ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡು ಮೂವತ್ತು ವರ್ಷ ನಮ್ಮ ಕೊಬ್ಬರಿ ತಿಂದವರು. ಆದರೆ ಒಂದು ದಿನ ಒಂದು ಅಟ್ಟ ಹತ್ತಿದವರಲ್ಲ. ನಾನು ತುರುವೇಕೆರೆ ರಸ್ತೆಯ ಒಂದು ಹಳ್ಳಿಯ ತೋಟದ ಮನೆಯವಳು. ಡಿಗ್ರಿ ಮೊದಲ ವರ್ಷಕ್ಕೇ ಮದುವೆಯಾಗಿ ಪುಸ್ತಕ ಕಟ್ಟಿಟ್ಟವಳು, ಐವತ್ತು ದಾಟಿದ ಮೇಲೆ ಮತ್ತೆ ಬಿಚ್ಚಿದವಳು.

ಆ ವರ್ಷವಿಡೀ ನಾವು ಒಬ್ಬರೇ ಕಾದಂಬರಿಕಾರ್ತಿಯನ್ನು ಓದಿದೆವು. ದೊಡ್ಡ ಹೆಸರು, ದೊಡ್ಡ ಪ್ರಶಸ್ತಿಗಳು. ಚಿಕ್ಕಂದಿನಲ್ಲಿ ಒಂದೆರಡು ವರ್ಷ ತುರುವೇಕೆರೆಯ ಹತ್ತಿರ ಸೋದರತ್ತೆಯ ಮನೆಯಲ್ಲಿದ್ದರಂತೆ. ಅವರ ಅತಿ ಮುಖ್ಯವಾದ ಕಾದಂಬರಿ ನಡೆಯುವುದು ನಮ್ಮಂಥ ಮನೆಯಲ್ಲೇ. ಗಂಡ ಸತ್ತ ಹಿರಿಸೊಸೆ ಒಬ್ಬಳು. ಮನೆ ಭಾಗವಾಗುವ ಕಾಲ. ಅಟ್ಟದ ತುಂಬ ಒಂದು ವರ್ಷದ ಕಾಯಿ. ಮೈದುನ ಅಷ್ಟೂ ತನಗೇ ಎನ್ನುತ್ತಾನೆ. ಇವಳು ಬಾಯಿ ಬಿಡುವುದಿಲ್ಲ. ಮುನ್ನೂರು ಪುಟ ಓದಿದರೂ ಅವಳು ಜಗಳವಾಡಿದ್ದು ಒಂದು ಕಡೆಯೂ ಸಿಗುವುದಿಲ್ಲ. ಇದನ್ನು ತಾಳ್ಮೆ, ತ್ಯಾಗ, ಮೌನದ ಘನತೆ ಎಂದೆಲ್ಲ ಬರೆದವರಿದ್ದಾರೆ. ಬರೆದವರೆಲ್ಲ ಹೆಚ್ಚುಕಮ್ಮಿ ಗಂಡಸರು.

ಅದರಲ್ಲೊಂದು ಸನ್ನಿವೇಶ. ಅವಳು ಅಟ್ಟದಿಂದ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಏನೂ ಹೇಳದೆ ವಾಪಸ್ ಇಡುತ್ತಾಳೆ. ಮೇಷ್ಟ್ರು ಇದನ್ನು ಬದುಕಿನ ಶೂನ್ಯತೆ ಎಂದರು. ನನಗೆ ನಗು ಬಂತು. ನಮ್ಮ ಕಡೆ ಕಾಯನ್ನು ಸುಲಿಯದೆ, ಹೊರಗಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಅಲ್ಲಿಯವರೆಗೆ ಅದನ್ನು ಒಡೆಯುವ ಹಾಗಿಲ್ಲ.

"ಅದು ಶೂನ್ಯ ಅಲ್ಲ ಸಾರ್," ಅಂದೆ. "ಕಾಯಿ ಇನ್ನೂ ಸದ್ದು ಮಾಡಿಲ್ಲ, ಅದಕ್ಕೆ ವಾಪಸ್ ಇಟ್ಟಳು. ಹೊತ್ತು ಬಂದಿಲ್ಲ ಅಂತ ತನಗೆ ತಾನೇ ಹೇಳ್ಕೋತಾ ಅವ್ಳೆ. ಅವಳು ಸಹಿಸ್ತಾ ಇಲ್ಲ, ಕಾಯ್ತಾ ಅವ್ಳೆ."

ಮಂಡಿ ಯಜಮಾನರು ತಲೆದೂಗಿದರು. ಮೇಷ್ಟ್ರು ಒಂದು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ಅವರು ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ತುಂಬ ಸಂತೋಷವಾಯಿತು. ನಾನು ಆಡಿದ ಮಾತನ್ನು ಯಾರಾದರೂ ಬರೆದುಕೊಂಡಿದ್ದು ಅದೇ ಮೊದಲು. ಮನೆಗೆ ಬಂದು ನಮ್ಮ ಯಜಮಾನರಿಗೂ ಹೇಳಿದೆ.

ಮೂರು ವಾರವಾದ ಮೇಲೆ ಆ ಮಾತು ಭಾನುವಾರದ ಪತ್ರಿಕೆಯಲ್ಲಿ ಬಂತು, ಮೇಷ್ಟ್ರ ಫೋಟೋ ಸಮೇತ. ಸದ್ದು ಮಾಡದ ಕಾಯಿ, ಹೊತ್ತು ಬಂದಿಲ್ಲ, ಸಹಿಸುವವಳಲ್ಲ ಕಾಯುವವಳು, ಎಲ್ಲ ಇತ್ತು. ನಾನು ಇರಲಿಲ್ಲ. ನಮ್ಮ ಗುಂಪಿನ ಹೆಸರೂ ಇರಲಿಲ್ಲ. ಇರಲಿ, ಮರೆತಿರಬಹುದು ಅಂದುಕೊಂಡು ಸುಮ್ಮನಾದೆ.

ಎರಡನೆಯದು ಊಟದ ಸನ್ನಿವೇಶ. ಅವಳು ಮೈದುನನಿಗೆ ಮುದ್ದೆ ಬಡಿಸುತ್ತಾ, "ಸಂಕೋಚ ಪಡಬೇಡಿ" ಅನ್ನುತ್ತಾಳೆ. ಮೇಷ್ಟ್ರು ಇದನ್ನು ಅತ್ತಿಗೆಯ ಮಮತೆ ಎಂದು ವಿವರಿಸುತ್ತಿದ್ದರು. ನಾನು ಕೇಳಿದೆ, "ಮನೆ ಮಗನಿಗೆ ಯಾರಾದ್ರೂ ಸಂಕೋಚ ಪಡಬೇಡಿ ಅಂತಾರ? ಅದು ನೆಂಟರಿಗೆ ಹೇಳೋ ಮಾತು. ಇನ್ಮೇಲೆ ಈ ಮನೇಲಿ ನೀನು ನೆಂಟ ಅಂತ ತಟ್ಟೆ ಮುಂದೆ ಕೂರ್ಸಿ ಹೇಳ್ತಾ ಅವ್ಳೆ." ಹೆಡ್‌ಮೇಡಂ ಜೋರಾಗಿ ನಕ್ಕುಬಿಟ್ಟರು. ಮೇಷ್ಟ್ರು ಬರೆದುಕೊಂಡರು. ಎರಡು ತಿಂಗಳಿಗೆ ಅದೂ ಒಂದು ಅಭಿನಂದನ ಗ್ರಂಥದಲ್ಲಿ ಅವರ ಲೇಖನವಾಗಿ ಬಂತು. ಅದನ್ನು ಓದಿದ ದಿನ ನನ್ನ ಮೈ ಉರಿದುಹೋಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಗುಂಪು ಸೇರಿದ ಮುಂದಿನ ಭಾನುವಾರ ಮೆಟ್ಟಿಲ ಹತ್ತಿರ ಅವರನ್ನು ನಿಲ್ಲಿಸಿಕೊಂಡು ಕೇಳಿದೆ. ನನ್ನ ಹೆಸರು ಒಂದು ಕಡೆ ಹಾಕಬಾರದಿತ್ತೇ ಎಂದು ಮೆತ್ತಗೇ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ವಿಚಾರಕ್ಕೆ ವಾರಸುದಾರರು ಇರುವುದಿಲ್ಲ ಕಣಮ್ಮಾ. ನಾಲ್ಕು ಜನ ಕೂತಲ್ಲಿ ಹುಟ್ಟಿದ್ದು ನಾಲ್ಕು ಜನರದು. ನೀವು ಅದನ್ನು ಅಡುಗೆಮನೆ ಮಾತಾಗಿ ಹೇಳಿದಿರಿ, ನಾನು ಅದಕ್ಕೊಂದು ರೂಪ ಕೊಟ್ಟೆ."

ಅಡುಗೆಮನೆ ಮಾತು. ನಾನು ಮೆಟ್ಟಿಲಿಳಿದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನು ಹಲ್ಲಲ್ಲಿ ಅರೆದೆ. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನನಗೆ ಅಷ್ಟು ಬೇಕಾಗಲಿಲ್ಲ, ಏಳು ತಿಂಗಳು ಸಾಕಾಯಿತು. ನನಗೆ ಬೇಕಾಗಿದ್ದು ಇಷ್ಟೇ: ಇದು ಇವಳು ಹೇಳಿದ್ದು ಎಂದು ನಾಲ್ಕು ಜನರ ಮುಂದೆ ಯಾರಾದರೂ ಒಂದು ಸಲ ಹೇಳಬೇಕಾಗಿತ್ತು. ಅದು ಸಿಗುವುದಿಲ್ಲ ಎಂದಾದ ಮೇಲೆ, ಅವರ ಹೆಸರು ಮಣ್ಣುಪಾಲಾಗುವುದನ್ನಾದರೂ ನೋಡಬೇಕು ಅನ್ನಿಸಿತು.

ಅವಕಾಶ ತಾನಾಗಿಯೇ ಬಂತು, ಅದೂ ಅವರ ಕಾಲಿನಿಂದಲೇ ನಡೆದುಕೊಂಡು. ಮಂಡಿ ಯಜಮಾನರು ಓಡಾಡಿ ಕಾದಂಬರಿಕಾರ್ತಿಯನ್ನು ತಿಪಟೂರಿಗೆ ಕರೆಸುವ ವ್ಯವಸ್ಥೆ ಮಾಡಿದ್ದರು. ದೊಡ್ಡ ಸಭಾಂಗಣ, ಊಟ, ಆಮೇಲೆ ಒಂದು ಸ್ಮರಣ ಸಂಚಿಕೆ. ಮುಖ್ಯ ಪ್ರಬಂಧ ಮೇಷ್ಟ್ರದು. ಒಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಾನು ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದಾಗ ಅವರು ಹುಡುಕಿಕೊಂಡು ಬಂದು ಪಕ್ಕದಲ್ಲಿ ನಿಂತರು.

"ಕೊನೆಯ ಅಧ್ಯಾಯದ ಆ ಕೊಡದ ಪ್ರಸಂಗ ನನಗೆ ಬಿಡಿಸಲಾಗುತ್ತಿಲ್ಲ. ನಿಮಗೆ ಏನಾದರೂ ಹೊಳೆಯುತ್ತದೆಯೇ?" ಎಂದರು.

ಕೊಡದ ಪ್ರಸಂಗ ಹೀಗಿದೆ. ಭಾಗವಾಗುವ ಮುಂಚಿನ ದಿನಗಳಲ್ಲಿ ಅವಳು ದಿನಾ ಸಂಜೆ ತುಂಬಿದ ಕೊಡ ಹೊತ್ತು ಅಟ್ಟ ಹತ್ತುತ್ತಾಳೆ. ಖಾಲಿ ಕೊಡ ಹಿಡಿದು ಇಳಿಯುತ್ತಾಳೆ. ಮೇಲೆ ಏನು ಮಾಡಿದಳು ಎಂದು ಲೇಖಕಿ ಎಲ್ಲೂ ಹೇಳುವುದಿಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಒಲೆಯ ಮುಂದೆ ಒಬ್ಬಳೇ ಚಪ್ಪಾಳೆ ತಟ್ಟಿದ್ದೆ. ನಮ್ಮ ಕಡೆ ಹೆಂಚು ಒಡೆದು ಅಟ್ಟಕ್ಕೆ ನಾಲ್ಕು ಹನಿ ಸೋರಿದರೆ ಮನೆಮಂದಿಯೆಲ್ಲ ಎದ್ದು ಓಡುತ್ತೇವೆ. ಮಟ್ಟೆ ನೆಂದರೆ ಕೊಬ್ಬರಿ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಮಂಡಿಯಲ್ಲಿ ಯಾರೂ ಮುಟ್ಟುವುದಿಲ್ಲ. ಆ ಹೆಂಗಸು ಮೈದುನನ ಪಾಲಿಗೆ ಹೋಗುವ ಅಷ್ಟೂ ಕಾಯನ್ನು ಕೊಡ ಕೊಡವಾಗಿ ಹಾಳು ಮಾಡುತ್ತಿದ್ದಳು. ಅದೊಂದನ್ನು ಮಾತ್ರ ನಾನು ಗುಂಪಿನಲ್ಲಿ ಹೇಳಿರಲಿಲ್ಲ. ಎರಡು ಸಲ ಕಳಕೊಂಡಿದ್ದೆನಲ್ಲ, ಇದನ್ನು ಬಚ್ಚಿಟ್ಟುಕೊಂಡಿದ್ದೆ.

ಬಸ್ಸು ಬರುವುದರೊಳಗೆ ನಾನು ಮೇಷ್ಟ್ರಿಗೆ ಹೇಳಿದ್ದು ಬೇರೆ.

"ಅದಾ ಸಾರ್. ನಮ್ಮ ಕಡೆ ಅದೊಂದು ಪದ್ಧತಿ. ಅಟ್ಟದ ಕಾಯಿ ಸೆಕೆಗೆ ಬಿರಿದುಹೋಗ್ತಾವೆ ಅಂತ ದಿನಾ ಸಂಜೆ ನೀರು ಚಿಮುಕಿಸ್ತೀವಿ. ಮನೆ ಹಿರೀಸೊಸೆ ಕೆಲಸ ಅದು. ನಾಳೆ ಕಾಯಿ ಕಂಡೋರ ಪಾಲಾಗ್ತೈತೆ ಅಂತ ಗೊತ್ತಿದ್ರೂವೆ ಅವಳು ತನ್ನ ಕೆಲಸ ಬುಡಲಿಲ್ಲ, ನೋಡಿ."

ಅವರ ಮುಖ ಅರಳಿತು. ನೋಟ್‌ಬುಕ್ ತೆಗೆದು ನಿಂತಲ್ಲೇ ಬರೆದುಕೊಂಡರು. ಕೆಳಗಿನ ಮಂಡಿಯಲ್ಲಿ ಯಾವ ಹಮಾಲಿಯನ್ನು ಕೇಳಿದ್ದರೂ ನಿಜ ಗೊತ್ತಾಗುತ್ತಿತ್ತು. ಆದರೆ ಇವರು ಯಾರನ್ನೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೇಳಿದರೆ ಅದು ಅವರದಾಗಿ ಉಳಿಯುವುದಿಲ್ಲವಲ್ಲ. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಅನ್ನುತ್ತಾರಲ್ಲ, ಅದನ್ನೇ ನಾನು ಮಾಡಿದ್ದು. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಹೊಟ್ಟೆ ತಣ್ಣಗಿತ್ತು.

ಸಭೆಯ ದಿನ ಮಂಡಿ ಯಜಮಾನರು ತಮಗೆ ಕೊಬ್ಬರಿ ಹಾಕುವ ರೈತರನ್ನೆಲ್ಲ ಊಟಕ್ಕೆ ಕರೆದುಬಿಟ್ಟಿದ್ದರು. ಚಿಕ್ಕನಾಯಕನಹಳ್ಳಿ ಕಡೆಯವರು, ಅರಳಗುಪ್ಪೆ ಕಡೆಯವರು, ನಮ್ಮ ತವರು ಮಾಯಸಂದ್ರದವರು. ಮುಂದಿನ ಸಾಲುಗಳೆಲ್ಲ ಬಿಳೀ ಪಂಚೆ. ಗಂಡನ ಕಡೆಯ ನಾಲ್ಕು ಮುಖಗಳೂ ಕಂಡವು. ವೇದಿಕೆಯ ನಡುವೆ ಕಾದಂಬರಿಕಾರ್ತಿ, ತೆಳ್ಳನೆಯ ಬಿಳಿ ಕೂದಲು, ಕೈಚೀಲ ತೊಡೆಯ ಮೇಲೆ.

ಮೇಷ್ಟ್ರು ಎದ್ದರು. ಕೈಯಲ್ಲಿ ಟೈಪ್ ಮಾಡಿಸಿದ ಹಾಳೆಗಳು. ಶುರುಮಾಡಿದ್ದೇ ಕೊಡದಿಂದ. ನಮ್ಮ ತೆಂಗಿನ ಸೀಮೆಯಲ್ಲಿ ಅಟ್ಟದ ಕಾಯಿಗೆ ದಿನವೂ ನೀರು ಚಿಮುಕಿಸುವ ಒಂದು ಪದ್ಧತಿಯಿದೆ ಎಂದರು. ಆಮೇಲೆ ಮುಂದಿನ ಸಾಲಿನಿಂದ ಒಂದು ಧ್ವನಿ ಬಂತು.

"ಅಟ್ಟದ ಕಾಯಿಗೆ ನೀರಾ ಸಾರ್? ನಿಮ್ಮನೇಲಿ ಕೊಬ್ಬರಿ ಮಾಡ್ತೀರೋ ಗೊಬ್ಬರ ಮಾಡ್ತೀರೋ?"

ನಗು ಎದ್ದಿತು ನೋಡಿ. ಪಂಚೆಯವರು ಒಬ್ಬರ ತೊಡೆ ಒಬ್ಬರು ತಟ್ಟಿ ನಕ್ಕರು. ಊಟದ ಹಾಲಿನಿಂದ ಬಡಿಸುವವರೂ ಬಂದು ಬಾಗಿಲಲ್ಲಿ ನಿಂತರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಮೂವತ್ತು ವರ್ಷದ ಪಾಠ, ಅಭಿನಂದನ ಗ್ರಂಥ, ಫೋಟೋ ಎಲ್ಲ ಆ ನಗುವಿನಲ್ಲಿ ಕೊಚ್ಚಿಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಮಾಡಿದ್ದುಣ್ಣೋ ಮಹರಾಯ ಎಂದು ಮನಸ್ಸಿನಲ್ಲಿ ಅಂದೆ. ಅಷ್ಟು ಸುಖ ನನಗೆ ಹಬ್ಬದ ದಿನವೂ ಆಗಿಲ್ಲ.

ಕಾದಂಬರಿಕಾರ್ತಿ ನಗಲಿಲ್ಲ. ಮೈಕಿನ ಕಡೆ ಬಾಗಿ, "ಹೌದೇ? ಈ ಪದ್ಧತಿ ನಿಮಗೆ ಯಾರು ಹೇಳಿದರು?" ಎಂದು ಕೇಳಿದರು.

ಮೇಷ್ಟ್ರು ಹಣೆ ಒರೆಸಿಕೊಂಡರು. "ಈ ಒಳನೋಟ ನನ್ನದಲ್ಲ, ಅದನ್ನೇ ಮುಂದೆ ಓದುವವನಿದ್ದೆ," ಎಂದರು. ಆಮೇಲೆ ನನ್ನ ಹೆಸರು ಹೇಳಿದರು. ಗಂಡನ ಹೆಸರು, ಊರು ಸಮೇತ ಹೇಳಿದರು. "ಅವರು ನಮ್ಮ ಗುಂಪಿನ ಅತ್ಯಂತ ಸೂಕ್ಷ್ಮ ಓದುಗರು. ಇಲ್ಲೇ ಇದ್ದಾರೆ," ಎಂದು ನನ್ನ ಕಡೆ ಕೈ ತೋರಿಸಿದರು.

ಅಷ್ಟೂ ತಲೆಗಳು ತಿರುಗಿದವು. ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಲಿ ಎಂದು ಕಾದವಳು ನಾನು. ಹೇಳದೇ ಹೋದರಲ್ಲ ಎಂದು ಅವರಿಗೆ ವಿಷ ಕೊಟ್ಟವಳೂ ನಾನು. ಆ ಮನುಷ್ಯ ಬೇರೆ ಯಾವ ಮಾತನ್ನೂ ಬಿಟ್ಟು ಇದೊಂದಕ್ಕೆ ನನ್ನ ಹೆಸರು ಹೇಳಬೇಕೇ? ಇನ್ನು ನಗು ನನ್ನ ಮೇಲೆ ಬೀಳುತ್ತದೆ. ನಮ್ಮನೆ ಹಿರಿಸೊಸೆಗೆ ಕೊಬ್ಬರಿ ಮಾಡುವುದೂ ಗೊತ್ತಿಲ್ಲ ಎಂದು ಗಂಡನ ಕಡೆಯವರು ಊರಲ್ಲೆಲ್ಲ ಹೇಳುತ್ತಾರೆ. ಯಾರೋ ಮೈಕು ತಂದು ಕೈಗೆ ಕೊಟ್ಟರು.

"ನಾನು ಹಂಗಂದಿಲ್ಲ ಕಣ್ರೀ," ಅಂದೆ.

ನನ್ನ ಧ್ವನಿ ಅಷ್ಟು ಗಟ್ಟಿಯಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. "ನಾನು ಅಟ್ಟದ ಮನೇಲೇ ಹುಟ್ಟಿ ಅಟ್ಟದ ಮನೇಗೇ ಸೊಸೆಯಾಗಿ ಬಂದೋಳು. ಅಟ್ಟಕ್ಕೆ ನೀರು ಹೊತ್ತೋಳು ಕಾಯಿ ಕೊಳೆಸೋಕೆ ಹೊತ್ತಳು. ಮೈದುನನ ಪಾಲಿಗೆ ಒಂದು ಉಂಡೆ ಕೊಬ್ಬರಿನೂ ಸಿಗಬಾರದು ಅಂತ ಹೊತ್ತಳು. ಅವಳದು ತ್ಯಾಗ ಅಲ್ಲ, ಸೇಡು."

ಮುಂದಿನ ಸಾಲು ಹೋ ಎಂದಿತು. ಈ ಸಲದ್ದು ಚಪ್ಪಾಳೆ. ಕಾದಂಬರಿಕಾರ್ತಿ ಎದ್ದು ನಿಂತು ನನಗೆ ಕೈ ಮುಗಿದರು. ಬರೆದು ಇಷ್ಟು ವರ್ಷವಾಯಿತು, ಆ ಕೊಡ ಯಾಕೆ ಖಾಲಿಯಾಯಿತು ಎಂದು ಒಬ್ಬರೂ ಹೇಳಿರಲಿಲ್ಲ ಎಂದರು. ಮೇಷ್ಟ್ರು ಆ ಗಲಾಟೆಯಲ್ಲಿ ನನ್ನನ್ನೇ ನೋಡುತ್ತಿದ್ದರು. ಸಿಟ್ಟಿನ ಮುಖವಲ್ಲ. "ನಾನೇ ತಪ್ಪಾಗಿ ಗ್ರಹಿಸಿರಬೇಕು," ಎಂದು ಮೈಕಿನಲ್ಲಿ ಹೇಳಿ, ಉಳಿದ ಹಾಳೆಗಳನ್ನು ಮಡಚಿಕೊಂಡು ಇಳಿದುಹೋದರು. ಊಟಕ್ಕೆ ನಿಲ್ಲಲಿಲ್ಲ.

ಗುಂಪಿಗೆ ಅವರು ಮತ್ತೆ ಬರಲಿಲ್ಲ. ಕದ್ದಿದ್ದೂ ಅಲ್ಲದೆ ಸಿಕ್ಕಿಬಿದ್ದಾಗ ಹೆಂಗಸಿನ ತಲೆಗೆ ಕಟ್ಟಿದರು ಎಂದು ಊರೆಲ್ಲ ಮಾತಾಯಿತು. ನಾನು ಯಾರ ಮಾತನ್ನೂ ತಿದ್ದಲಿಲ್ಲ. ಒಂದು ತಿಂಗಳು ತಿಪಟೂರಿನ ಬೀದಿಯಲ್ಲಿ ತಲೆಯೆತ್ತಿ ಓಡಾಡಿದೆ.

ಆಮೇಲೆ ಒಂದು ದಿನ ಹೆಡ್‌ಮೇಡಂ ಬಸ್ಸಿಳಿದು ನಮ್ಮ ಮನೆಗೇ ಬಂದರು. ಜಗಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಮುಟ್ಟದೆ, ಚೀಲದಿಂದ ಒಂದು ಕವರು ತೆಗೆದರು. ಒಳಗೆ ಮೇಷ್ಟ್ರ ಆ ದಿನದ ಪ್ರಬಂಧ. ಮೊದಲ ಪುಟವನ್ನಷ್ಟೇ ಅವರು ಓದಿದ್ದು, ಉಳಿದವನ್ನು ನಾನು ಓದಗೊಟ್ಟಿರಲಿಲ್ಲ. ಎರಡನೇ ಪುಟದಲ್ಲಿ ನನ್ನ ಹೆಸರಿತ್ತು. "ಸದ್ದು ಮಾಡದ ಕಾಯಿಯ ಅರ್ಥ ಈ ಓದುಗರದು, ನಾನು ಅದನ್ನು ನನ್ನದೆಂದು ಪ್ರಕಟಿಸಿದೆ, ಅದು ತಪ್ಪು" ಎಂದಿತ್ತು. ಮೂರನೇ ಪುಟದಲ್ಲಿ ಸಂಕೋಚ ಪಡಬೇಡಿ ಎಂಬ ಮಾತಿನ ಅರ್ಥ, ಅದರ ಪಕ್ಕದಲ್ಲೂ ನನ್ನ ಹೆಸರು, ಅಲ್ಲೂ ತಪ್ಪೊಪ್ಪಿಗೆ. ನಾನು ಅದನ್ನು ಮೂರು ಸಲ ಓದಿದೆ.

"ಸಭೆಗೆ ಒಂದು ವಾರ ಮುಂಚೆ ನಾನೇ ಅವರ ಮನೆಗೆ ಹೋಗಿ ಬೈದಿದ್ದೆ ಕಣೆ," ಎಂದರು ಹೆಡ್‌ಮೇಡಂ. "ಅವಳ ಮಾತನ್ನ ಕದ್ದಿದ್ದೀರಿ, ನಾಚಿಕೆ ಆಗಲ್ವಾ ಅಂದೆ. ಒಪ್ಪಿಕೊಂಡ್ರು. ಎಲ್ಲಾ ತಿದ್ದಿ ಬರೆದ್ರು. ಈಗ ಸ್ಮರಣ ಸಂಚಿಕೆಗೆ ಇದನ್ನ ಕೊಡಬೇಕು. ಅವರು ಒಂದೇ ಮಾತು ಕೇಳ್ತಾ ಇರೋದು. ನೀರಿನ ಮಾತು ನೀನೇ ಹೇಳಿದ್ದು ಹೌದು ಅಂತ ನನ್ನ ಹತ್ರ ಹೇಳು, ಸಾಕು. ಅಚ್ಚಲ್ಲಿ ಆ ಭಾಗ ತೆಗೆದುಹಾಕ್ತಾರಂತೆ, ಯಾರಿಗೂ ಗೊತ್ತಾಗಲ್ಲ. ಇಲ್ಲ ಅಂದ್ರೆ, ಸುಳ್ಳುಗಾರ ಅನ್ನಿಸಿಕೊಂಡು ಲೇಖನ ಕೊಡಲ್ಲ, ಪೂರ್ತಿ ವಾಪಸ್ ತಗೋತೀನಿ ಅಂತಾರೆ. ಹೇಳೇ, ಹೇಳಿದ್ದೆಯಾ ಇಲ್ವಾ?"

ನಿಜ ಹೇಳುವುದು ಎಷ್ಟು ಸುಲಭವಾಗಿತ್ತು. ಎರಡು ಪುಟದ ತುಂಬ ನನ್ನ ಹೆಸರು ಅಚ್ಚಾಗುತ್ತಿತ್ತು. ಹೌದು ಎನ್ನಲು ಬಾಯಿ ತೆರೆದೆ ಕೂಡ. ಆಗ ಆ ಮೆಟ್ಟಿಲು ನೆನಪಾಯಿತು, ಆ ಕನ್ನಡಕ ಒರೆಸುವ ಕೈ ನೆನಪಾಯಿತು. ಬೈಸಿಕೊಂಡ ಮೇಲೆ ತಿದ್ದಿದರಲ್ಲ, ನಾನು ಕೇಳಿದಾಗ ಯಾಕೆ ತಿದ್ದಲಿಲ್ಲ? ಆ ಊರಿನಲ್ಲಿ ಅವರನ್ನು ಸುಳ್ಳುಗಾರರಾಗಿಯೇ ಉಳಿಸುವ ಅಧಿಕಾರ ಅವತ್ತು ನನ್ನ ನಾಲಗೆಯ ಮೇಲಿತ್ತು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ.

"ನಾನು ಹೇಳಿಲ್ಲ ಮೇಡಂ," ಅಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವರು. "ಆಯ್ತು ಬುಡು," ಎಂದು ಕವರನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಮಜ್ಜಿಗೆ ಹಾಗೇ ಇತ್ತು.

ಸ್ಮರಣ ಸಂಚಿಕೆ ದೀಪಾವಳಿಗೆ ಬಂತು. ಮೇಷ್ಟ್ರ ಲೇಖನ ಇರಲಿಲ್ಲ. ಹಿರಿಯರೊಬ್ಬರ ಮರ್ಯಾದೆಯ ಪ್ರಶ್ನೆ, ಕೊಡದ ಮಾತೇ ಬೇಡ ಎಂದು ಮಂಡಿ ಯಜಮಾನರೂ ಹೆಡ್‌ಮೇಡಮ್ಮೂ ತೀರ್ಮಾನಿಸಿದ್ದರಂತೆ, ಹಾಗಾಗಿ ಸಭೆಯಲ್ಲಿ ನಾನಾಡಿದ್ದೂ ಇರಲಿಲ್ಲ. ನಮ್ಮ ಯಜಮಾನರು ಪುಟ ತಿರುವುತ್ತಾ ಹೋದವರು ಒಂದು ಕಡೆ ನಿಂತರು.

"ನಿನ್ನ ಫೋಟೋ ಬಂದೈತೆ ಕಣೆ," ಎಂದು ನನ್ನ ಮುಂದೆ ಹಿಡಿದರು.

ಮೈಕು ಹಿಡಿದು ನಿಂತಿದ್ದೇನೆ, ಬಾಯಿ ಅರ್ಧ ತೆರೆದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಹಾಕಿದ್ದರು: ಸಂವಾದದಲ್ಲಿ ಪಾಲ್ಗೊಂಡ ಸಭಿಕರೊಬ್ಬರು.